ಅಳುವವಳ ಬಳಿ ಕುಳಿತ ಸ್ವಾಮಿ

ದೀನರ ಮೊರೆಗೆ ಕಿವಿಗೊಡುವ ಕರುಣಾನಿಧಿಯೇ, ಮನುಜರ ನೋವನ್ನು ಮನುಜನಾಗಿಯೇ ಉಂಡ ಯೇಸುಸ್ವಾಮಿಯೇ, ಈ ಕಥೆಯನ್ನು ಹೇಳುವ ನಾಲಗೆಯನ್ನೂ ಕೇಳುವ ಹೃದಯವನ್ನೂ ಮೃದುಗೊಳಿಸು.

ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಹನೂರಿನಾಚೆ ಅಜ್ಜೀಪುರದಲ್ಲಿ ಸವೇರಿಯಪ್ಪನೆಂಬ ರೈತನು ರೇಷ್ಮೆಹುಳು ಸಾಕುತ್ತಿದ್ದನು. ಅವನ ಹೆಂಡತಿ ಲೂರ್ದಮ್ಮನ ಚೊಚ್ಚಲ ಕೂಸು ವಾಂತಿಭೇದಿಯಿಂದ ತೀರಿಕೊಂಡಿತು. ಅಂದಿನಿಂದ ಆಕೆ ಗೋಡೆಗೆ ಮುಖಮಾಡಿ ಮಲಗಿದಳು. ತಲೆ ಬಾಚಲಿಲ್ಲ, ಮಾತಾಡಲಿಲ್ಲ. ಮುಂದಿಟ್ಟ ಮುದ್ದೆ ಆರಿ ಗಟ್ಟಿಯಾಗುತ್ತಿತ್ತು. ಅತ್ತೆ ಆರೋಗ್ಯಮ್ಮ ದೈವಭಕ್ತೆ. ಆದರೆ ಅಳುವುದೇ ಅವಿಶ್ವಾಸವೆಂದು ತಿಳಿದವಳು. ಅತ್ತ ಮುಖ ಹೊತ್ತು ದೇವಾಲಯಕ್ಕೆ ಬರಕೂಡದೆಂದು ಸೊಸೆಗೆ ಕಟ್ಟುಮಾಡಿದ್ದಳು. ಕೊನೆಗೆ ಅವಳನ್ನು ತವರಿಗೆ ಕಳುಹಿಸಿಬಿಡಲು ಗಾಡಿಗೂ ಹೇಳಿದಳು.

ಇದನ್ನು ಕೇಳಿದ ನೆರೆಮನೆಯ ಚಿಕ್ಕಮಾದಮ್ಮ, ಊರಿಗೆ ಬಂದಿದ್ದ ನರ್ಸಮ್ಮ ಫಿಲೋಮಿನಾರನ್ನು ಕರೆತಂದಳು.

“ನೋಡಿ ನರ್ಸಮ್ಮಾರೆ, ಎಂಗ್ ಬಿದ್ದವ್ಳೆ!” ಎಂದಳು ಆರೋಗ್ಯಮ್ಮ. “ಸ್ವಾಮಿ ಮ್ಯಾಲೆ ನಂಬ್ಕೆ ಇದ್ದೋಳು ಇಂಗಳ್ತಾಳಾ?”

“ಓದ್ವರ್ಸ ಎಮ್ಮೆ ಸತ್ತಾಗ ಬೀದೀಗೆಲ್ಲ ಕೇಳಂಗೆ ಬಾಯ್ ಬಡ್ಕಂಡೆಯಲ್ಲಕ್ಕಾ, ಆಗ ನಿನ್ ನಂಬ್ಕೆ ಎಲ್ಲೋಗಿತ್ತು?” ಎಂದಳು ಚಿಕ್ಕಮಾದಮ್ಮ.

“ಎಮ್ಮೆ ಆಲು ಕೊಡ್ತಿತ್ತು ಕಣವ್ವಾ!” ಎಂದ ಆರೋಗ್ಯಮ್ಮ, ತಾನಾಡಿದ ಮಾತು ತನಗೇ ಕೇಳಿಸಿ ಸೊಸೆಯತ್ತ ನೋಡಿದಳು.

ನರ್ಸಮ್ಮ ಹುಳುವಿನ ತಟ್ಟೆಗಳತ್ತ ತಿರುಗಿ, “ಇವು ಯಾಕವ್ವಾ ಅಲ್ಲಾಡ್ತಿಲ್ಲ?” ಎಂದರು.

“ಪೊರೆ ಬುಡೋ ಜ್ವರಕ್ಕೆ ಕೂತವೆ” ಎಂದಳು ಆರೋಗ್ಯಮ್ಮ. “ಅದು ಮುಗಿಯೋಗಂಟ ಸೊಪ್ಪು ತಿನ್ನಾಕಿಲ್ಲ.”

“ಹಾಗಾದ್ರೆ ತಿಪ್ಪೆಗೆ ಸುರಿದುಬಿಡಿ.”

“ಬುಡ್ತು ಅನ್ನಿ! ಆ ಒತ್ನಲ್ಲಿ ಮುಟ್ಟಂಗೂ ಇಲ್ಲ. ಬೆಚ್ಚಗೆ ಮಡಗಿ ಕಾಯ್ಬೇಕು.”

“ಹುಳಕ್ಕೆ ಕಾಯ್ತೀರಿ. ಸೊಸೆಗೆ ಕಾಯೋಕಾಗಲ್ವಾ?”

ಆರೋಗ್ಯಮ್ಮ ಸೆರಗಿನ ತುದಿ ಹಿಡಿದು, “ಆದ್ರೂ ಸ್ವಾಮಿಗೆ ಬ್ಯಾಸರಾಗಾಕಿಲ್ವಾ?” ಎಂದಳು.

“ಯೇಸುಸ್ವಾಮಿ ತಮ್ಮ ಸತ್ತ ಗೆಳೆಯನ ಸಮಾಧಿ ಹತ್ರ ನಿಂತು ಕಣ್ಣೀರಿಟ್ಟರು. ಅವನನ್ನ ಬದುಕಿಸ್ತೀನಿ ಅಂತ ಗೊತ್ತಿದ್ರೂ ಅತ್ತರು. ಅವರಿಗೂ ನಂಬಿಕೆ ಇರಲಿಲ್ವಾ?”

ಗೋಡೆಯ ಕಡೆಯಿಂದ ಕ್ಷೀಣ ದನಿಯೊಂದು ಬಂತು. “ಸ್ವಾಮಿನೂ ಅತ್ರಾ?” ಲೂರ್ದಮ್ಮ ಇತ್ತ ಹೊರಳಿದ್ದಳು.

ನರ್ಸಮ್ಮ ಚಾಪೆಯ ಮೇಲೆ ಅವಳ ಪಕ್ಕದಲ್ಲೇ ಕುಳಿತರು. “ಅತ್ತರು ತಾಯಿ. ನಿನ್ನ ಮನಸ್ಸಿಗೆ ಕಾಯಿಲೆ ಬಂದಿದೆ, ನಿನ್ನ ತಪ್ಪಲ್ಲ. ಡಾಕ್ಟರ ಹತ್ರ ಹೋಗೋಣ. ಅಳು ಬಂದಾಗ ಸ್ವಾಮಿ ಮುಂದೇನೇ ಅಳು. ಅವರು ಎದ್ದು ಹೋಗಲ್ಲ.”

ಹೊರಗೆ ಗಾಡಿ ಬಂದು ನಿಂತಿತು. ಸವೇರಿಯಪ್ಪನು ತಾಯಿಯ ಮುಖ ನೋಡಿದನು.

“ತವರ್ಗಲ್ಲ ಕಣ್ಲಾ, ಆಸ್ಪತ್ರೆಗೆ ಒಡಿಸು. ನಾನೂ ಬತ್ತೀನಿ” ಎಂದಳು ಆರೋಗ್ಯಮ್ಮ.

ಲೂರ್ದಮ್ಮ ಒಮ್ಮೆಲೇ ಗುಣವಾಗಲಿಲ್ಲ. ಔಷಧವಿತ್ತು, ಡಾಕ್ಟರ ಮಾತಿತ್ತು, ಸಂಜೆಯ ಪ್ರಾರ್ಥನೆಯಿತ್ತು. ಆದರೂ ಕೆಲವು ದಿನ ಮತ್ತೆ ಗೋಡೆಗೇ ತಿರುಗುತ್ತಿದ್ದಳು. ಮನೆಯವರು ಕಾದರು. ಒಂದು ಭಾನುವಾರ ಆರೋಗ್ಯಮ್ಮ ತಾನೇ ಸೊಸೆಯ ತಲೆ ಬಾಚಿ ದೇವಾಲಯಕ್ಕೆ ಕರೆದೊಯ್ದಳು. ಅಲ್ಲಿ ಇಬ್ಬರೂ ಎಲ್ಲರೆದುರು ಅತ್ತರು. ಮರಳುವಾಗ ಲೂರ್ದಮ್ಮ, “ಅತ್ತೆ, ಕೂಸು ಯಾರಂಗೆ ನಗ್ತಿತ್ತು?” ಎಂದು ಕೇಳಿದಳು.

“ನನ್ನಂಗೇಯ. ಇಬ್ರುದೂ ಬೊಚ್ಚುಬಾಯಲ್ವಾ!”

ಲೂರ್ದಮ್ಮ ನಕ್ಕಳು. ದುಃಖವು ಎದೆಯಲ್ಲಿರುವಾಗಲೇ, ಸ್ವಾಮಿಯು ಜೊತೆಗಿದ್ದಾನೆಂಬ ಅರಿವಿನಿಂದ ಹುಟ್ಟಿದ ನಗು ಅದು.

ಓದುವ ಬಂಧುಗಳೇ, ನಿಮ್ಮ ಮನೆಯಲ್ಲಿ ಯಾರಾದರೂ ಊಟ ನಿದ್ದೆ ತೊರೆದು ಮಂಕಾಗಿದ್ದರೆ ನಂಬಿಕೆ ಸಾಲದೆಂದು ಜರೆಯಬೇಡಿ. ಬಳಿಯಲ್ಲಿ ಕುಳಿತುಕೊಳ್ಳಿ. ವೈದ್ಯರಲ್ಲಿಗೆ ಕರೆದೊಯ್ಯಿರಿ. ನೊಂದವರೊಡನೆ ಪ್ರಾರ್ಥಿಸಿ.

ಇದನ್ನು ಆಲಿಸಿದ ಸಕಲರ ಮನೆಗಳಲ್ಲಿ ಪ್ರಭುವಿನ ಶಾಂತಿ ನೆಲೆಸಲಿ; ಕುಗ್ಗಿದ ಮನಗಳಿಗೆ ಆತನ ಆನಂದವು ದೊರೆಯಲಿ. ಆಮೆನ್.