ಬೆಳಕು ನೋಡಲು ತೆಗೆದ ಫೋಟೊಗಳು

ಆ ಬೀದಿಯಲ್ಲಿ ಸ್ಟುಡಿಯೋದವನಿಂದ ಬೈಸಿಕೊಳ್ಳದ ಗಿರಾಕಿ ಇರಲಿಲ್ಲ. ಹತ್ತು ಮೊಬೈಲು ಸುತ್ತಿ ಸವೆದು ಬಂದ ಫೋಟೊ ತೋರಿಸಿ, ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡಿ ಅಂದರೆ ಮುಗಿಯಿತು. "ಇದ್ರಲ್ಲಿ ಪಿಕ್ಸೆಲ್ಲೇ ಇಲ್ಲ ಕಣ್ರೀ, ನಾನೇನು ನನ್ ತಲೆಯಿಂದ ತಂದು ತುಂಬ್ಲಾ?" ಎಂದು ಅರ್ಧ ಗಂಟೆ ತಲೆ ತಿನ್ನುತ್ತಿದ್ದ. ದೊಡ್ಡದಾಗಿ ತೆಗೆದದ್ದನ್ನು ಚಿಕ್ಕದು ಮಾಡಬಹುದು, ಚಿಕ್ಕದಾಗಿ ತೆಗೆದದ್ದು ಜಪ್ಪಯ್ಯ ಅಂದರೂ ದೊಡ್ಡದಾಗದು ಎಂದು ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು.

ಅಂಥವನು ಮೂರು ದಿನದಿಂದ ಕಂಪ್ಯೂಟರಿನ ಮುಂದೆ ಕೂತಿದ್ದ. ಹೆಂಡತಿ ತೀರಿಕೊಂಡು ಮೂರು ವಾರವಾಗಿತ್ತು. ಮಗಳು ಕೇಳಿದ್ದು ಇಷ್ಟೇ: ಊಟದ ಮೇಜಿನ ಎದುರು ಗೋಡೆಗೆ ಅಮ್ಮನದೊಂದು ದೊಡ್ಡ ಫೋಟೊ.

ಫೋಟೊಗಳಿಗೇನು ಬರ ಇರಲಿಲ್ಲ, ಆರುನೂರಕ್ಕೂ ಮೇಲಿದ್ದವು. ಹೊಸ ಕ್ಯಾಮೆರಾ ಬಂದಾಗ, ಲೆನ್ಸ್ ರಿಪೇರಿಯಾದಾಗ, ದೀಪದ ಜಾಗ ಬದಲಿಸಿದಾಗ, "ಬಾರೇ ಇಲ್ಲಿ, ಒಂದ್ನಿಮಿಷ ನಿಂತ್ಕೋ" ಎಂದು ಕೂಗಿದರೆ ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನಿಲ್ಲುತ್ತಿದ್ದಳು. ಬೆಳಕು ನೋಡುವುದಕ್ಕೆ ತಾನೇ ಎಂದು ಈ ಮಹಾರಾಯ ಪ್ರತಿ ಸಲವೂ ಕ್ಯಾಮೆರಾದಲ್ಲಿ ಫೋಟೊದ ಸೈಜನ್ನು ಅತಿ ಚಿಕ್ಕದಕ್ಕೆ ಇಳಿಸುತ್ತಿದ್ದ. ಗಿರಾಕಿ ಬಂದು ಕೂತೊಡನೆ ಮತ್ತೆ ಅತಿ ದೊಡ್ಡದಕ್ಕೆ ಏರಿಸುತ್ತಿದ್ದ. ಹೀಗಾಗಿ ಊರವರ ಮೊಡವೆಗಳೆಲ್ಲ ಎಷ್ಟು ಹಿಗ್ಗಿಸಿದರೂ ಸ್ಪಷ್ಟವಾಗಿ ಉಳಿದಿದ್ದವು. ಇವಳ ಮುಖ ಸ್ವಲ್ಪ ಹಿಗ್ಗಿಸಿದರೆ ಸಾಕು, ಚೌಕ ಚೌಕವಾಗಿ ಒಡೆಯುತ್ತಿತ್ತು.

ಕೊನೆಗೆ, ಜನ್ಮದಲ್ಲಿ ಮುಟ್ಟುವುದಿಲ್ಲ ಎಂದಿದ್ದ ಸಾಫ್ಟ್‌ವೇರಿಗೆ ಶರಣಾದ. ಅದು ಇಲ್ಲದ ಚುಕ್ಕಿಗಳನ್ನು ತಾನೇ ಊಹಿಸಿ ತುಂಬಿ ನುಣ್ಣನೆಯ ಮುಖವೊಂದನ್ನು ಕೊಟ್ಟಿತು. ಪ್ರಿಂಟ್ ತೆಗೆದು ಮಗಳ ಮುಂದಿಟ್ಟ.

ಮಗಳು ಬಹಳ ಹೊತ್ತು ನೋಡಿದಳು. "ಚೆನ್ನಾಗಿದೆ ಅಪ್ಪಾ. ಆದ್ರೆ ಇವ್ರು ಯಾರು?"

ಅವನಿಗೂ ಗೊತ್ತಿತ್ತು. ಹುಬ್ಬಿನ ಮೇಲಿನ ಹಳೆಯ ಗಾಯದ ಗೆರೆ ಮಾಯವಾಗಿತ್ತು. ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ, ಬೇಗ ಮುಗಿಸಿ ಎನ್ನುವ ಅವಳ ನೋಟವೂ ಇರಲಿಲ್ಲ.

"ಒಂದಾದ್ರೂ ದೊಡ್ಡದಾಗಿ ತೆಗ್ದಿಲ್ವಾ? ಮೆಮೊರಿ ಕಾರ್ಡಲ್ಲಿ ಜಾಗ ಇರ್ಲಿಲ್ವಾ?"

ಇರಲಿಲ್ಲ ಅಂದಿದ್ದರೆ ಅವಳು ನಂಬುತ್ತಿದ್ದಳು.

"ಇತ್ತಮ್ಮ. ಬೇಕಾದಷ್ಟಿತ್ತು. ನಂದೂ ಒಂದು ಸರಿಯಾಗಿ ತೆಗೀರಿ ಅಂತ ಅವ್ಳೇ ಒಂದ್ಸಲ ಕೇಳಿದ್ಲು. ಇಲ್ಲೇ ಇರ್ತೀಯಲ್ಲ, ಯಾವಾಗ ಬೇಕಾದ್ರೂ ತೆಗೀಬಹುದು ಅಂದೆ."

ಅಷ್ಟು ಹೇಳಿ ಅವನು ಮಗಳೆದುರೇ ಬಿಕ್ಕಿ ಬಿಕ್ಕಿ ಅತ್ತ. ಅವಳೂ ಅತ್ತಳು. ಆಮೇಲೆ ದೊಡ್ಡ ಪ್ರಿಂಟನ್ನು ಮಗುಚಿಟ್ಟು, "ಅಮ್ಮ ಎಷ್ಟಿದಾಳೋ ಅಷ್ಟೇ ತೆಗ್ದುಕೊಡಿ" ಅಂದಳು.

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು ಬಂತು. ಊಟದ ಮೇಜಿನಿಂದ ನೋಡಿದರೆ ಗೋಡೆಯ ಮೇಲೆ ಏನೋ ಇದೆ ಎಂದಷ್ಟೇ ತಿಳಿಯುತ್ತದೆ. ಅವನು ತುತ್ತು ಬಿಟ್ಟು ಎದ್ದು ಹೋಗಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ನೋಡಿ ಬರುತ್ತಾನೆ.