ವ್ಯಾನಿನ ನಡುವಿನ ಸೀಟು

ಮನೆಯಲ್ಲಿ ಅವಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ದಿಂಬಿಗೆ ತಲೆ ಕೊಡುವ ತನಕ ಚಿಲಿಪಿಲಿ ನಿಲ್ಲುವುದಿಲ್ಲವೆಂದು ಅಜ್ಜಿ ಇಟ್ಟ ಹೆಸರು. ಅಪ್ಪ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಮೈಕಿನಲ್ಲಿ ಹೇಳುವ ಕೆಲಸದವರು. "ನಾನು ಸಂಬಳ ತಗೊಂಡು ಮಾತಾಡ್ತೀನಿ, ಇವಳು ಪುಕ್ಕಟೆ ಮಾತಾಡ್ತಾಳೆ" ಎಂದು ಅವರು ನಗುತ್ತಿದ್ದರು. ಅಂಥ ಗುಬ್ಬಿ, ಸ್ಕಾಲರ್‌ಶಿಪ್ ಸಿಕ್ಕಿ ಸಿನಿಮಾ ಕಲಿಯಲೆಂದು ಪರದೇಶಕ್ಕೆ ಹೋದವಳು, ಮೊದಲ ತಿಂಗಳಲ್ಲೇ ಬಾಯಿಗೆ ಬೀಗ ಜಡಿದುಕೊಂಡಳು.

ಆದದ್ದು ಸಣ್ಣ ಸಂಗತಿ. ತರಗತಿಯಲ್ಲಿ ಒಂದು ದೃಶ್ಯವನ್ನು ಹೇಗೆ ಚಿತ್ರಿಸುತ್ತೀರಿ ಎಂದು ಮೇಷ್ಟ್ರು ಕೇಳಿದ್ದರು. ಗುಬ್ಬಿ ಎದ್ದು ನಿಂತು "ಈ ಮೂಲೆಯಲ್ಲಿ ಬೆಳಕು ಬೇಕು" ಎನ್ನಲು ಹೋಗಿ, ಆ ದೇಶದ ಭಾಷೆಯಲ್ಲಿ ಒಂದು ಅಕ್ಷರ ತಪ್ಪಿ, "ಈ ಮೂಲೆಯಲ್ಲಿ ಕೋಳಿ ಬೇಕು" ಎಂದುಬಿಟ್ಟಳು. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಿಂದಿನ ಸಾಲಿನಿಂದ ಯಾರೋ ಕೊಕ್ಕೊಕ್ಕೋ ಎಂದರು. ಅದರಲ್ಲಿ ಕೇಡೇನೂ ಇರಲಿಲ್ಲ. ಮೇಷ್ಟ್ರೂ ನಕ್ಕರು, ಅವಳೂ ನಕ್ಕಳು. ಆದರೆ ಮಾರನೆಯ ದಿನದಿಂದ ಬಾಯಿ ತೆರೆಯಬೇಕೆಂದಾಗಲೆಲ್ಲ ಆ ಕೊಕ್ಕೊಕ್ಕೋ ನೆನಪಾಗಿ ಅವಳು ನೋಟ್‌ಬುಕ್ಕಿನತ್ತ ಬಗ್ಗಿಬಿಡುತ್ತಿದ್ದಳು. ಗುಂಪಾಗಿ ಕಿರುಚಿತ್ರ ಮಾಡುವಾಗ ಉದ್ದನೆಯ ಕೋಲಿಗೆ ಮೈಕ್ ಕಟ್ಟಿಕೊಂಡು ಬೇರೆಯವರ ಮಾತನ್ನು ಹಿಡಿಯುವ ಕೆಲಸವನ್ನು ತಾನೇ ಕೇಳಿ ಪಡೆದಳು. ಆ ಕೆಲಸಕ್ಕೆ ಮಾತು ಬೇಕಿಲ್ಲ, ತೋಳಿನ ಶಕ್ತಿ ಸಾಕು.

"ಯಾಕೇ ಇಷ್ಟು ಮೆತ್ತಗಾಗಿದ್ದೀಯ? ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ನಿನಗಿದ್ದ ಆಸ್ತಿ ಅಂದ್ರೆ ಅದೊಂದೇ" ಎಂದು ಅಜ್ಜಿ ಫೋನಿನಲ್ಲಿ ಗದರಿದಳು.

"ಆಸ್ತಿ ಇಲ್ಲಿ ಚಲಾವಣೆ ಆಗ್ತಿಲ್ಲ ಅಜ್ಜಿ" ಎಂದಳು ಗುಬ್ಬಿ.

ಬೇಸಿಗೆ ರಜೆಯಲ್ಲಿ ಪ್ರತಿ ವಿದ್ಯಾರ್ಥಿಯೂ ಎಲ್ಲಾದರೂ ಸಿನಿಮಾಕ್ಕೆ ಸಂಬಂಧಿಸಿದ ಕೆಲಸ ಮಾಡಿ ಬರಬೇಕೆಂಬುದು ಕಾಲೇಜಿನ ನಿಯಮ. ಜಾಣರು, ಮಾತುಗಾರರು ಸ್ಟುಡಿಯೋಗಳಿಗೆ ಓಡಾಡಿ ಜಾಗ ಗಿಟ್ಟಿಸಿಕೊಂಡರು. ಯಾರನ್ನೂ ಕೇಳದ ಗುಬ್ಬಿಗೆ ಕೊನೆಗೆ ಉಳಿದದ್ದು ಒಂದು ಸಂಚಾರಿ ಸಿನಿಮಾ ವ್ಯಾನು. ಚಿತ್ರಮಂದಿರವಿಲ್ಲದ ಊರುಗಳಿಗೆ ಹೋಗಿ, ಬಯಲಲ್ಲಿ ಪರದೆ ಕಟ್ಟಿ, ಹಳೆಯ ಸಿನಿಮಾ ತೋರಿಸುವ ವ್ಯಾನು.

ಅದನ್ನು ನಡೆಸುತ್ತಿದ್ದವರು ಒಬ್ಬ ಅಕ್ಕ, ಒಬ್ಬ ತಮ್ಮ. ಇಬ್ಬರಿಗೂ ಅರವತ್ತರ ಆಸುಪಾಸು. ಅಕ್ಕ ಗುಂಡಗೆ, ಗಟ್ಟಿಮುಟ್ಟಾಗಿದ್ದಳು. ವ್ಯಾನು ಓಡಿಸುವುದು, ಊರೊಳಗೆ ಸುತ್ತಿ "ಬನ್ನಿ, ಬನ್ನಿ, ಇವತ್ತು ಸಂಜೆ ಸಿನಿಮಾ" ಎಂದು ಛಾವಣಿಯ ಲೌಡ್‌ಸ್ಪೀಕರಿನಲ್ಲಿ ಕೂಗುವುದು ಅವಳ ಪಾಲು. ತಮ್ಮ ಒಣಗಿದ ಕಡ್ಡಿಯಂಥವನು. ಹಳೆಯ ಪ್ರೊಜೆಕ್ಟರು, ರೀಲುಗಳು, ವೈರುಗಳು ಅವನ ಪಾಲು. ಪ್ರೊಜೆಕ್ಟರನ್ನು ಅವನು ಎರಡು ರಜಾಯಿ ಸುತ್ತಿ, ಮರದ ಪೆಟ್ಟಿಗೆಯೊಳಗೆ ಬಾಣಂತಿಯ ಮಗುವಿನಂತೆ ಮಲಗಿಸಿಡುತ್ತಿದ್ದ. ವ್ಯಾನಿನ ಮುಂದೆ ಮೂವರು ಕೂರುವಷ್ಟು ಜಾಗ. ಅಕ್ಕ ಸ್ಟೀರಿಂಗಿನ ಹಿಂದೆ, ತಮ್ಮ ಕಿಟಕಿಯ ಪಕ್ಕ, ನಡುವೆ ಗುಬ್ಬಿ.

ಹೊರಟ ಮೊದಲ ಗಂಟೆಯಲ್ಲೇ ಅವಳಿಗೆ ವಿಷಯ ಗೊತ್ತಾಯಿತು. ಅಕ್ಕ ತಮ್ಮ ಮಾತು ಬಿಟ್ಟಿದ್ದರು.

"ಅವನಿಗೆ ಹೇಳು, ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಇದೆ ಅಂತ. ಆ ಕೊರಡಿಗೆ ಕಿವಿ ಇದ್ರೆ ಕೇಳಿಸ್ಕೊಳ್ಳಲಿ" ಎಂದಳು ಅಕ್ಕ.

ಕೊರಡಿನಂಥವನು ಒಂದು ಮೊಳ ದೂರದಲ್ಲೇ ಕೂತಿದ್ದ. ಗುಬ್ಬಿ ಅತ್ತ ನೋಡಿದಳು, ಇತ್ತ ನೋಡಿದಳು. ಅಕ್ಕ ಕಾಯುತ್ತಿದ್ದಳು. ಬೇರೆ ದಾರಿ ಕಾಣದೆ ಗುಬ್ಬಿ ಬಾಯಿ ತೆರೆದಳು. "ಅಣ್ಣಾ, ಚಕ್ರ... ಗಾಳಿ... ಕಡಿಮೆ. ದಯವಿಟ್ಟು."

ಭಾಷೆ ಕಲಿಸುವ ಪುಸ್ತಕದ ಮೊದಲ ಪಾಠದಲ್ಲೇ 'ದಯವಿಟ್ಟು' ಇತ್ತು. ಏನು ಹೇಳಿದರೂ ಕೊನೆಗೆ ಅದೊಂದನ್ನು ಸೇರಿಸದೆ ಅವಳಿಗೆ ವಾಕ್ಯ ಮುಗಿಯುತ್ತಿರಲಿಲ್ಲ.

ತಮ್ಮ ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದ, "ಅವಳಿಗೆ ಹೇಳು, ಚಕ್ರದಲ್ಲಿ ಕಮ್ಮಿಯಾದ ಗಾಳಿನ ಅವಳ ತಲೆಯಿಂದ ತುಂಬಿಸ್ಕೋ ಅಂತ. ಅಲ್ಲಿ ಬೇಕಾದಷ್ಟಿದೆ."

"ಅಕ್ಕಾ, ಅವರು ತುಂಬಿಸ್ತಾರಂತೆ. ದಯವಿಟ್ಟು."

ಊರಿಂದೂರಿಗೆ ಹೀಗೇ ಸಾಗಿತು. ಬೈಗುಳದ ಪದಗಳು ಗುಬ್ಬಿಗೆ ಬರುತ್ತಿರಲಿಲ್ಲ, ಹಾಗಾಗಿ ಅವು ಅವಳನ್ನು ದಾಟಿ ಹೋಗುತ್ತಿರಲಿಲ್ಲ. ಈ ಕಡೆಯಿಂದ ಕೆಂಡವಾಗಿ ಹೊರಟ ಮಾತು ಆ ಕಡೆ ತಲುಪುವಾಗ ಇದ್ದಿಲಾಗಿರುತ್ತಿತ್ತು. ಮೂಲ ಮಾತು ಇಬ್ಬರಿಗೂ ಕೇಳಿಸುತ್ತಿತ್ತು, ನಿಜ. ಆದರೂ ಅವಳು ಹೇಳುವವರೆಗೆ ಕೇಳಿಸಲೇ ಇಲ್ಲವೆಂಬಂತೆ ಕೂರುತ್ತಿದ್ದರು. ಅವಳು 'ದಯವಿಟ್ಟು' ಎಂದಾಗ ಒಮ್ಮೊಮ್ಮೆ ಇಬ್ಬರ ತುಟಿಯೂ ಅದುರುವುದನ್ನು ಅವಳು ಗಮನಿಸಿದ್ದಳು.

ಜಗಳಕ್ಕೆ ಕಾರಣ ಈ ವ್ಯಾನೇ. ಅವರ ಅಪ್ಪ ಹಳೆಯ ಲಾರಿಯೊಂದನ್ನು ತಂದು, ಕೈಯಾರೆ ಬಡಿದು ಬೆಸೆದು ಮಾಡಿದ ವ್ಯಾನದು. ವಸಂತದಲ್ಲಿ ಒಂದು ದಿನ ತಮ್ಮ ಊಟದ ನಡುವೆ, "ಇನ್ನು ಸಾಕು, ಮಾರಿಬಿಡೋಣ" ಎಂದನಂತೆ. ಯಾಕೆ ಎಂದರೆ ಎದ್ದು ಕೈ ತೊಳೆಯಲು ಹೋದನಂತೆ. ಅಕ್ಕ ಅಂದಿನಿಂದ ಅವನ ತಟ್ಟೆಗೆ ಬಡಿಸುವುದನ್ನೇ ಬಿಟ್ಟಳು.

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ ಕೇಳಿದ್ದೆ. ಇದೇನೇ, ಅಕ್ಕ ತಮ್ಮನ ಜಗಳದಲ್ಲಿ ನಮ್ಮ ಕೂಸು ಬಡವಾಗ್ತಿದೆ" ಎಂದಳು ಅಜ್ಜಿ ಫೋನಿನಲ್ಲಿ.

"ಬಡವಾಗಿಲ್ಲ ಅಜ್ಜಿ. ದಿನಾ ಹೊಸ ಪದ ಕಲೀತಿದ್ದೀನಿ. ಅರ್ಧಕ್ಕರ್ಧ ಬೈಗುಳ."

"ಒಳ್ಳೇದೇ ಆಯ್ತು. ಬೈಯೋಕೆ ಬಂದ್ರೆ ಭಾಷೆ ಬಂತು ಅಂತಲೇ ಲೆಕ್ಕ."

ತೋರಿಸುತ್ತಿದ್ದದ್ದು ಒಂದೇ ಸಿನಿಮಾ, ಒಂದು ಹಳೆಯ ನಗೆಚಿತ್ರ. ಒಬ್ಬ ಮುದಿ ದರ್ಜಿ, ಪಕ್ಕದ ಮನೆಯ ಜಗಳಗಂಟಿ ಹೆಂಗಸು, ಇಬ್ಬರ ನಡುವೆ ಒಂದು ಗೋಡೆ. ದರ್ಜಿಯ ಮಗಳಿಗೂ ಆ ಹೆಂಗಸಿನ ಮಗನಿಗೂ ಗೋಡೆ ಹಾರುವ ಪ್ರೀತಿ. ಎಲ್ಲರ ಕಾಲಿಗೂ ತೊಡರುವ ಒಂದು ನಾಯಿ. ದಿನವೂ ನೋಡಿ ನೋಡಿ ಗುಬ್ಬಿಗೆ ಅದರ ಮಾತುಗಳೆಲ್ಲ ಬಾಯಿಪಾಠವಾಗಿದ್ದವು. ಇನ್ನೊಂದನ್ನೂ ಅವಳು ಕಂಡಿದ್ದಳು: ಇತ್ತೀಚಿನ ಊರುಗಳಲ್ಲಿ ಚಿತ್ರ ಒಂದಿಷ್ಟು ಮಬ್ಬಾಗಿ ಬೀಳುತ್ತಿತ್ತು. ಲೆನ್ಸು ಹಳೆಯದಾಗಿರಬೇಕೆಂದುಕೊಂಡು ಅವಳೇ ಮೆಲ್ಲಗೆ ಕೈ ಚಾಚಿ ಫೋಕಸ್ ಸರಿಮಾಡುತ್ತಿದ್ದಳು. ತಮ್ಮ ಆಗ ಯಾವುದೋ ವೈರನ್ನು ಹುಡುಕುವವನಂತೆ ಬಗ್ಗಿಬಿಡುತ್ತಿದ್ದ.

ಗಾಜಿನ ಬಾಟಲಿ ತಯಾರಿಸುವ ಕಾರ್ಖಾನೆಯಿದ್ದ ಒಂದು ಊರಿಗೆ ಅವರು ಬಂದರು. ಕಾರ್ಖಾನೆಯ ಅಂಗಳದಲ್ಲೇ ಪರದೆ ಏರಿತು. ಹೊತ್ತು ಮುಳುಗುತ್ತಿದ್ದಂತೆ ಕೆಲಸ ಮುಗಿಸಿದ ಗಂಡಸರು ಹೆಂಗಸರು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದು, ಖಾಲಿ ಕ್ರೇಟುಗಳನ್ನು ಬೋರಲು ಹಾಕಿ ಕೂತರು. ಅಷ್ಟು ಜನ ಆ ಬೇಸಿಗೆಯಲ್ಲಿ ಎಲ್ಲೂ ಸೇರಿರಲಿಲ್ಲ. ಸಿನಿಮಾ ಶುರುವಾಯಿತು, ದರ್ಜಿ ಸೂಜಿಗೆ ದಾರ ಪೋಣಿಸಿ ಬಾಯಿ ತೆರೆದ. ಅಷ್ಟರಲ್ಲಿ ಆಂಪ್ಲಿಫೈಯರಿನಿಂದ ಪಟ್ ಎಂದು ಸದ್ದಾಗಿ, ಸುಟ್ಟ ವಾಸನೆ ಬಂತು. ಪರದೆಯ ಮೇಲೆ ದರ್ಜಿ ಮೀನಿನಂತೆ ಬಾಯಿ ಆಡಿಸುತ್ತಿದ್ದ, ಸದ್ದಿಲ್ಲ.

ಜನ ಮೊದಲು ಗುಸುಗುಟ್ಟಿದರು, ಆಮೇಲೆ ಸಿಳ್ಳೆ ಹಾಕಿದರು. ತಮ್ಮ ಡಬ್ಬಿ ಬಿಚ್ಚಿ ನೋಡಿ ತಲೆಯಾಡಿಸಿದ. ಛಾವಣಿಯ ಲೌಡ್‌ಸ್ಪೀಕರು ಬೇರೆ, ಅದು ವ್ಯಾನಿನ ಬ್ಯಾಟರಿಯದು, ಅದು ಸರಿಯಾಗಿತ್ತು. ಆದರೆ ಬೆಳಗಿನಿಂದ ಊರೆಲ್ಲ ಕೂಗಿ ಅಕ್ಕನ ಗಂಟಲು ಹರಿದ ತಮಟೆಯಾಗಿತ್ತು. ಅವಳು ಮೈಕನ್ನು ಗುಬ್ಬಿಯ ಕೈಗೆ ತುರುಕಿದಳು.

"ನಿನಗೆ ಪೂರ್ತಿ ಬರುತ್ತೆ. ದಾರಿಯುದ್ದಕ್ಕೂ ಗುನುಗ್ತಿರ್ತೀಯ, ನಾನು ಕೇಳಿದ್ದೀನಿ. ಹೇಳು."

"ನನ್ನ ಉಚ್ಚಾರಣೆ... ನಗ್ತಾರೆ."

"ನಗೆಚಿತ್ರ ಅಲ್ವೇನೇ ಇದು? ನಗಲಿ ಬಿಡು!"

ಗುಬ್ಬಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. ಅಪ್ಪ ಹೊಸಬರಿಗೆ ಕೆಲಸ ಕಲಿಸುವಾಗ ಹೇಳುತ್ತಿದ್ದ ಮಾತು ನೆನಪಿಗೆ ಬಂತು: ಮೈಕಿನ ಮುಂದೆ ಹೆದರಿಕೆಯಾದರೆ ಒಂದು ಬಸ್ಸಿನ ವಿಷಯ ಮಾತ್ರ ಹೇಳು, ಅದು ಹೊರಟ ಮೇಲೆ ಮುಂದಿನದ್ದು. ಅವಳು ಉಸಿರು ಬಿಟ್ಟು ದರ್ಜಿಯ ಒಂದು ಮಾತನ್ನು ದಪ್ಪ ದನಿಯಲ್ಲಿ ಹೇಳಿದಳು. ಅಂಗಳವೆಲ್ಲ ನಕ್ಕಿತು. ಅವಳ ಉಚ್ಚಾರಣೆಗೋ, ದರ್ಜಿಯ ಮೀಸೆಯಡಿಯಿಂದ ಹುಡುಗಿಯ ದನಿ ಬಂದದ್ದಕ್ಕೋ ತಿಳಿಯಲಿಲ್ಲ. ನಿಂತು ಯೋಚಿಸಲು ಪುರುಸೊತ್ತೂ ಇರಲಿಲ್ಲ, ಮುಂದಿನ ಮಾತು ಬಂದುಬಿಟ್ಟಿತ್ತು. ಮಗಳ ಮಾತು ತೆಳ್ಳಗೆ, ಹುಡುಗನ ಮಾತು ಮೂಗಿನಲ್ಲಿ. ಒಂದೆಡೆ ಪದ ಮರೆತುಹೋದಾಗ ಬಾಯಿಗೆ ಬಂದದ್ದು ಅಪ್ಪಟ ಕನ್ನಡ: "ಅಯ್ಯೋ ನಿನ್ನ ಮನೆ ಕಾಯ್ವಾಗ, ಬಾಗಿಲು ತೆಗಿಯೋ!" ಹುಡುಗ ಪರದೆಯ ಮೇಲೆ ಸರಿಯಾಗಿ ಅದೇ ಗಳಿಗೆಯಲ್ಲಿ ಬಾಗಿಲು ತೆಗೆದ. ಜನ ಚಪ್ಪಾಳೆ ತಟ್ಟಿದರು.

ಗೋಡೆಯ ಜಗಳದ ದೃಶ್ಯ ಬಂತು. ದರ್ಜಿ, ಪಕ್ಕದ ಮನೆಯ ಹೆಂಗಸು ಇಬ್ಬರೂ ಉಸಿರು ಬಿಡದೆ ಕೂಗಾಡುವ ದೃಶ್ಯ. ಗುಬ್ಬಿಯ ನಾಲಿಗೆ ತೊಡರಿತು. ನೋಡಲಾಗದೆ ಅಕ್ಕ ಮೈಕಿಗೆ ಬಾಯಿ ಕೊಟ್ಟು ಒಡಕು ದನಿಯಲ್ಲೇ ಅರಚಿದಳು, "ಈ ಗೋಡೆ ಮುಟ್ಟಿದ್ರೆ ಕೈ ಮುರೀತೀನಿ!"

ದರ್ಜಿ ಉತ್ತರ ಕೊಡಬೇಕಿತ್ತು. ಪ್ರೊಜೆಕ್ಟರಿನ ಪಕ್ಕ ನಿಂತಿದ್ದ ತಮ್ಮ ಇದ್ದಕ್ಕಿದ್ದಂತೆ ಇತ್ತ ತಿರುಗಿದ. "ಗೋಡೆ ನಿನ್ನೊಬ್ಬಳದೇನೇ?"

ಗುಬ್ಬಿ ಮೈಕನ್ನು ಅವನತ್ತ ಹಿಡಿದಳು. ಅದಂತೂ ಅವಳು ಕಲಿತ ವಿದ್ಯೆಯೇ.

"ನಂದಲ್ಲ, ಅಪ್ಪಂದು! ಅಪ್ಪ ಮಾಡಿದ್ದನ್ನ ಮಾರೋಣ ಅನ್ನೋಕೆ ನಿನಗೆ ನಾಲಿಗೆ ಹೇಗೆ ಬಂತೋ?" ಇದು ಸಿನಿಮಾದಲ್ಲಿರಲಿಲ್ಲ.

"ಮಾರದೆ ಏನು ಮಾಡ್ಲಿ?" ತಮ್ಮನ ದನಿ ಲೌಡ್‌ಸ್ಪೀಕರಿನಿಂದ ಇಡೀ ಊರಿಗೆ ಕೇಳಿಸಿತು. "ನನಗೆ ಕಣ್ಣು ಕಾಣ್ತಿಲ್ಲ ಕಣೇ! ಫೋಕಸ್ ಸಿಗ್ತಿಲ್ಲ. ಪರದೆ ಮೇಲೆ ಇರೋದು ಮನುಷ್ಯನೋ ಮರವೋ ಗೊತ್ತಾಗಲ್ಲ. ಈ ಹುಡುಗಿ ಸರಿಮಾಡ್ತಿರೋದ್ರಿಂದ ಮರ್ಯಾದೆ ಉಳಿದಿದೆ."

ನಗು ನಿಂತಿತು. ಪರದೆಯ ಮೇಲೆ ಜಗಳಗಂಟಿ ಪೊರಕೆ ಎತ್ತಿ ದರ್ಜಿಯನ್ನು ಬಾರಿಸುತ್ತಿದ್ದಳು. ಲೌಡ್‌ಸ್ಪೀಕರಿನಲ್ಲಿ ಅಕ್ಕನ ದನಿ ಅಳುತ್ತಿತ್ತು. "ಮೊದಲೇ ಹೇಳ್ಬಾರದಿತ್ತೇನೋ? ನಾನೇನು ಬೇರೆಯವಳಾ? ನನ್ನ ಜೊತೆ ಇರೋದು ಬೇಡವಾಯ್ತೇನೋ ಅಂತ ನಾನು ಎಷ್ಟು ಕೊರಗಿದ್ದೀನಿ ಗೊತ್ತಾ?"

"ಹೇಳೋಕೆ ನಾಚಿಕೆಯಾಯ್ತು" ಎಂದ ತಮ್ಮ.

ಜನ ನಗಬೇಕೋ ಅಳಬೇಕೋ ತಿಳಿಯದೆ ಕೂತರು. ಅಷ್ಟರಲ್ಲಿ ಪರದೆಯ ಮೇಲೆ ನಾಯಿ ಓಡಿ ಬಂತು. ಯಾರಾದರೂ ಬೊಗಳಲೇಬೇಕು, ಬೇರೆ ಯಾರೂ ಆ ಸ್ಥಿತಿಯಲ್ಲಿರಲಿಲ್ಲ. ಗುಬ್ಬಿ ಮೈಕನ್ನು ತನ್ನ ಬಾಯಿಗೆ ಹಿಡಿದುಕೊಂಡು ಜೀವ ಹೋಗುವಂತೆ ಬೊಗಳಿದಳು. ಅಂಗಳ ಬಿದ್ದು ಬಿದ್ದು ನಕ್ಕಿತು. ಅಕ್ಕ ಕಣ್ಣೊರೆಸಿಕೊಂಡು ನಕ್ಕಳು, ತಮ್ಮ ರೀಲು ಬದಲಿಸಲು ಓಡಿದ. ಉಳಿದ ಸಿನಿಮಾವನ್ನು ಮೂವರೂ ಸೇರಿ ದಡ ಮುಟ್ಟಿಸಿದರು.

ಮುಗಿದ ಮೇಲೆ ಒಬ್ಬ ಮುದುಕಿ ಬಂದು ಗುಬ್ಬಿಯ ಕೆನ್ನೆ ಹಿಂಡಿದಳು. "ಈ ಸಿನಿಮಾ ಚಿಕ್ಕವಳಿದ್ದಾಗ ನೋಡಿದ್ದೆ. ಆಗ ಇಷ್ಟು ಚೆನ್ನಾಗಿರ್ಲಿಲ್ಲಮ್ಮ."

ಬೆಳಿಗ್ಗೆ ಹೊರಡುವಾಗ ಗುಬ್ಬಿ ಎಂದಿನಂತೆ ನಡುವೆ ಹತ್ತಿ ಕೂರಲು ಹೋದಳು. "ನೀನು ಆ ಕಡೆ ಕೂತ್ಕೋ ಮಗಳೇ. ನಿನ್ನ ತಲೆ ಅಡ್ಡ ಬಂದ್ರೆ ಇವನನ್ನ ಬೈಯೋದು ಹೇಗೆ?" ಎಂದಳು ಅಕ್ಕ. ಆ ದಿನ ಕಿಟಕಿಯ ಪಕ್ಕ ಕೂತು, ಇಬ್ಬರೂ ನೇರವಾಗಿ ಕಚ್ಚಾಡುವುದನ್ನು ಕೇಳುತ್ತ, ಗುಬ್ಬಿ ದಾರಿಯನ್ನು ನೋಡಿದಳು. ಸೇತುವೆಯ ಮೇಲೆ ಬಟ್ಟೆ ಒಣಗಹಾಕಿದ್ದರು. ಗೋದಾಮಿನ ಗೋಡೆಗೆ ಇಬ್ಬರು ಬಣ್ಣ ಬಳಿಯುತ್ತಿದ್ದರು, ಒಬ್ಬನ ಡಬ್ಬಿಗೆ ಇನ್ನೊಬ್ಬ ಕುಂಚ ಅದ್ದುತ್ತಿದ್ದ. ಇಷ್ಟು ದಿನ ಇವೆಲ್ಲ ಎಲ್ಲಿದ್ದವು ಎನಿಸಿತು.

ಮುಂದಿನ ದೊಡ್ಡ ಊರಿನಲ್ಲಿ ಆಂಪ್ಲಿಫೈಯರು ರಿಪೇರಿಯಾಯಿತು. ಅಲ್ಲೇ ಕಣ್ಣಿನ ಡಾಕ್ಟರಿಗೂ ತೋರಿಸಿದರು. ಪೊರೆ ಬೆಳೆದಿದೆ, ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಇಷ್ಟೇ ವಿಷಯಕ್ಕೆ ಮನೆ ಮಠ ಮಾರಲು ಹೊರಟಿದ್ದೆಯಲ್ಲೋ ಎಂದು ಅಕ್ಕ ಆಸ್ಪತ್ರೆಯ ವರಾಂಡದಲ್ಲೇ ಶುರುಮಾಡಿದಳು. ಬೇಸಿಗೆ ಮುಗಿಯುವ ತನಕ ಪ್ರೊಜೆಕ್ಟರು ಗುಬ್ಬಿಯ ಕೈಗೆ ಬಂತು. ತಮ್ಮ ಪಕ್ಕದಲ್ಲಿ ಕೂತು, ಸದ್ದು ಕೇಳಿಯೇ ರೀಲು ಎಲ್ಲಿ ಸಡಿಲವಾಗಿದೆಯೆಂದು ಹೇಳಿಕೊಟ್ಟ.

ಕಾಲೇಜು ತೆರೆದಾಗ ಪ್ರತಿಯೊಬ್ಬರೂ ತಾವು ಮಾಡಬೇಕೆಂದಿರುವ ಚಿತ್ರದ ಕಥೆ ಹೇಳಬೇಕಿತ್ತು. ಗುಬ್ಬಿ ಬೀದಿಬದಿಯ ಲಾಂಡ್ರಿಯಲ್ಲಿ ದಿನವೂ ಎದುರು ಬದುರು ಕೂತು ಒಂದು ಮಾತೂ ಆಡದ ಇಬ್ಬರ ಕಥೆ ಹೇಳಿದಳು. ನಡುವೆ ಎಲ್ಲೋ ಪದ ತಪ್ಪಿತು, ತರಗತಿ ನಕ್ಕಿತು. ಅವಳು ಬಸ್ಸು ಹೊರಡುವವರೆಗೆ ಕಾಯುವವಳಂತೆ ನಗು ಮುಗಿಯಲೆಂದು ಕಾದು, ಮುಂದುವರಿಸಿದಳು. "ಇನ್ನು ಸಾಕು, ಬೇರೆಯವರಿಗೂ ಸಮಯ ಬಿಡು" ಎಂದು ಮೇಷ್ಟ್ರೇ ಕೈ ಎತ್ತಬೇಕಾಯಿತು.

ಚಿತ್ರ ಮುಗಿಯಲು ಚಳಿಗಾಲ ಕಳೆಯಿತು. ಆ ಲಾಂಡ್ರಿ ನಡೆಸುತ್ತಿದ್ದ ಹೆಂಗಸೇ ಅದರಲ್ಲಿ ನಟಿಸಿದಳು. ಮೊದಲ ವಾರವೆಲ್ಲ ಕ್ಯಾಮೆರಾವನ್ನೇ ನೆಟ್ಟಗೆ ನೋಡಿ ಹಲ್ಲು ಕಿರಿಯುತ್ತಿದ್ದಳು, ಗುಬ್ಬಿ ಪಕ್ಕದಲ್ಲಿ ಕೂತು ಅವಳ ಜೊತೆ ಬಟ್ಟೆ ಮಡಚುತ್ತ ಹರಟೆ ಹೊಡೆದ ಮೇಲೆ ಸರಿಹೋದಳು. ಚಿತ್ರ ಎಲ್ಲ ಕಡೆಯೂ ಚೆನ್ನಾಗಿರಲಿಲ್ಲ. ಕೊನೆಯ ಭಾಗ ಎಳೆದಂತಿದೆ ಎಂದರು ಮೇಷ್ಟ್ರು. ಆದರೂ ಕಾಲೇಜಿನ ಪ್ರದರ್ಶನಕ್ಕೆ ಆರಿಸಿದರು.

ಆ ಸುದ್ದಿ ಹೇಳಲು ಅಕ್ಕನಿಗೆ ಫೋನ್ ಮಾಡಿದಾಗ ಹಿಂದಿನಿಂದ ತಮ್ಮನ ದನಿ ಕೇಳಿಸುತ್ತಿತ್ತು.

"ಆಪರೇಷನ್ ಆಗಿ ಕಣ್ಣು ಕಾಣೋಕೆ ಶುರುವಾದಾಗಿನಿಂದ ಇವನ ಕಾಟ ತಡೆಯೋಕಾಗ್ತಿಲ್ಲ. ನಿನ್ನ ಮುಖದಲ್ಲಿ ಇಷ್ಟು ಸುಕ್ಕಿತ್ತಾ ಅಂತ ದಿನಾ ಕೇಳ್ತಾನೆ" ಎಂದಳು ಅಕ್ಕ. "ನಿನ್ನ ಸಿನಿಮಾಕ್ಕೆ ಬರ್ತೀವಿ. ವ್ಯಾನಲ್ಲೇ ಬರ್ತೀವಿ. ಅಲ್ಲಿ ನಿಲ್ಲಿಸೋಕೆ ಜಾಗ ಇದೆಯಾ?"

"ನೋಡಿ ಹೇಳ್ತೀನಿ, ಫೋನ್ ಇಡ್ಬೇಡಿ" ಎಂದು ಗುಬ್ಬಿ ಮೆಟ್ಟಿಲಿಳಿದು ಬೀದಿಗೆ ಓಡಿದಳು. ಕಾಲೇಜಿನ ಗೇಟಿನ ಪಕ್ಕ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಅವುಗಳನ್ನು ಒಂದಿಷ್ಟು ಆಚೆ ಸರಿಸಿದರೆ ಸಾಕು ಅನ್ನಿಸಿತು. ಕಾವಲುಗಾರನನ್ನು ಕೂಗಿ ಕರೆಯುತ್ತ, ಅವಳು ಮೊದಲ ಸೈಕಲ್ಲಿಗೆ ಕೈ ಹಾಕಿದಳು.