ಬಂಡೆಯ ಮೇಲೆ ಈರಕ್ಕ

"ಇದ್ಯಾವ್ ನ್ಯಾಯ? ಬಾಯಾಡ್ಸಿದ್ ಹುಡ್ಗೀಗ್ ಫಸ್ಟ್ ಪ್ರೈಜು, ಹಾಡಿದ್ ಹುಡ್ಗಿ ಕೈ ತಟ್ಕೊಂಡ್ ನಿಂತ್ಕೋಬೇಕಾ?"

ಉಣ್ಣೆ ಕತ್ತರಿಸುತ್ತಿದ್ದ ಬಾಲರಾಜು ಕತ್ತರಿಯನ್ನು ಕುರಿಯ ಬೆನ್ನ ಮೇಲೇ ನಿಲ್ಲಿಸಿ, ನೀರಿನ ತೊಟ್ಟಿಗೆ ಒರಗಿಸಿಟ್ಟ ಫೋನಿನತ್ತ ಬಗ್ಗಿದ. ಜಾನಪದ ಗಾಯನ ಪ್ರಶಸ್ತಿಯ ಫೈನಲ್ ಬರುತ್ತಿತ್ತು. ಬೆಳ್ಳಿ ಬಣ್ಣದ ಲಂಗದ ಹುಡುಗಿಯೊಬ್ಬಳು ಟ್ರೋಫಿ ಎತ್ತಿಹಿಡಿದು ಅಳುತ್ತಿದ್ದಳು. ಹಿಂದಿನ ಸಾಲಿನ ತುದಿಯಲ್ಲಿ ಅವನ ಅಣ್ಣನ ಮಗಳು ಸೌಮ್ಯ ಚಪ್ಪಾಳೆ ತಟ್ಟುತ್ತಾ ನಗುತ್ತಿದ್ದಳು.

ಫೋನಿನೊಳಗಿನ ತನ್ನದೇ ಆ ನಗುವನ್ನು ನೋಡಲಾರದೆ, ಇಲ್ಲಿ ಚಿಕ್ಕಪ್ಪನ ಎದುರು ಕೂತಿದ್ದ ಸೌಮ್ಯ ಕುರಿಯ ತಲೆಯನ್ನು ಮಡಿಲಿಗೆ ಅದುಮಿಕೊಂಡು ಮುಖ ತಗ್ಗಿಸಿದಳು. ರೆಕಾರ್ಡಿಂಗ್ ಮುಗಿಸಿ ಬಂದು ಹತ್ತು ದಿನವಾಗಿತ್ತು. ಸೋತೆ ಎಂದಷ್ಟೇ ಮನೆಯಲ್ಲಿ ಹೇಳಿದ್ದಳು.

"ಆ ಜಡ್ಜುಗಳ ಕಿವಿ ಒಳಗ್ಲ ತುಪ್ಪಟಾನೂ ಒಸಿ ಕತ್ತರಿಸ್ಬೇಕು ಕಣವ್ವಾ" ಎಂದ ಬಾಲರಾಜು.

"ಸುಮ್ಕಿರ್ಲಾ. ಗೆದ್ದೋಳು ಗೆದ್ಲು" ಎಂದಳು ಅವನ ತಾಯಿ ಕೆಂಚಮ್ಮ. ಮೊಮ್ಮಗಳ ಕಡೆ ತಿರುಗಿದಳು. "ಮಗಾ, ಮಿಕ್ಕಿದ್ ಹಾಡು ಎಲ್ಲೋಯ್ತು?"

ಸೌಮ್ಯ ಅಲ್ಲಿ ಹಾಡಿದ್ದು ಅವರ ಮನೆಯಲ್ಲಿ ಉಣ್ಣೆ ಕತ್ತರಿಸುವಾಗ ಹೇಳುವ ಹಾಡು. ಒಂದು ಕುರಿಗೆ ಒಂದು ಹಾಡು. ಹಾಡು ಮುಗಿಯುವ ಹೊತ್ತಿಗೆ ಕುರಿ ಬೋಳಾಗಿ ಏಳಬೇಕು. ಹಾಡಿನಲ್ಲಿ, ತಪ್ಪಿಸಿಕೊಂಡ ಮರಿಯನ್ನು ಹುಡುಕುತ್ತಾ ಈರಕ್ಕ ಸಾವನದುರ್ಗದ ಬಂಡೆ ಹತ್ತುತ್ತಾಳೆ. ಮಂಜು ಕವಿಯುತ್ತದೆ. ಮರಿಯ ಹೆಸರು ಹಿಡಿದು ಕೂಗುತ್ತಾಳೆ. ಹಾಡಿನಲ್ಲೇ ಅತಿ ಎತ್ತರದ ಜಾಗ ಆ ಕೂಗು. ಇರುವುದೇ ಎರಡು ನಿಮಿಷ, ಅಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆ ಬರುತ್ತದೆ ಎಂದು ಕಾರ್ಯಕ್ರಮದವರು ಹೇಳಿದ್ದರು. ಸೌಮ್ಯ ನಿಲ್ಲಿಸಿದ್ದಳು. ಚಪ್ಪಾಳೆಯೂ ಬಂದಿತ್ತು.

ಅವಳು ಚಿಕ್ಕವಳಿದ್ದಾಗ, ಕೇಳುತ್ತಾ ಕೇಳುತ್ತಾ ನಿದ್ದೆ ಹೋದರೂ, ಈರಕ್ಕ ಕೆಳಗಿಳಿಯುವ ತನಕ ಅಜ್ಜಿ ಹಾಡು ನಿಲ್ಲಿಸಿ ಮಗ್ಗುಲು ಬಿಟ್ಟು ಏಳುತ್ತಿರಲಿಲ್ಲ.

"ಅಂದ್ರೆ ಅವಳ್ನ ಬಂಡೆ ಮ್ಯಾಲೇ ಬುಟ್ಬಂದಾ?" ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಸೌಮ್ಯಳಿಗೆ ಅದೇ ಕಷ್ಟವಾಯಿತು. "ಹತ್ ದಿನದಿಂದ ಮಂಜ್ನಾಗೆ ನಿಂತವ್ಳಲ್ಲೇ."

"ಅದು ಹಾಡು ಕಣವ್ವಾ" ಎಂದ ಬಾಲರಾಜು.

"ಹಂಗಾರೆ ಈ ಕುರೀನೂ ಅರ್ಧಕ್ಕೇ ಬುಡ್ಲಾ. ಸಂತೇಗ್ ಹೊಡ್ಕೊಂಡ್ ಹೋಗು, ಅದ್ಕೂ ಪ್ರೈಜ್ ಕೊಟ್ಟಾರು."

ಬಾಲರಾಜು ನಕ್ಕುಬಿಟ್ಟ. ಸೌಮ್ಯ ನಗಲಿಲ್ಲ. ಕುರಿ ಒಂದು ಮಗ್ಗುಲು ಬೋಳಾಗಿ, ಇನ್ನೊಂದು ಮಗ್ಗುಲಿಗೆ ಕರಿ ಕಂಬಳಿ ಹೊದ್ದಂತೆ ಮಲಗಿತ್ತು.

ಫೋನು ರಿಂಗಾಯಿತು, ಸೌಮ್ಯ ಎತ್ತಿಕೊಂಡಳು. ಕಾರ್ಯಕ್ರಮದವರೇ. ಜನ ಆಗಲೇ ಆ ಕೂಗಿನ ತುಣುಕನ್ನು ಹಂಚಿಕೊಳ್ಳುತ್ತಿದ್ದಾರಂತೆ. ಹಬ್ಬದ ವಿಶೇಷ ಕಾರ್ಯಕ್ರಮಕ್ಕೆ ಬಂದು, ಗೆದ್ದವಳ ಪಕ್ಕದಲ್ಲೇ ನಿಂತು, ಅದೇ ಎರಡು ನಿಮಿಷ ಹಾಡಬೇಕಂತೆ. ಹೂಂ ಅನ್ನು ಎಂದು ಬಾಲರಾಜು ಹುಬ್ಬು ಕುಣಿಸಿದ.

ಸೌಮ್ಯ ಕೈಗಂಟಿದ ಉಣ್ಣೆಯನ್ನು ಕೊಡವಿಕೊಂಡಳು. "ಬರ್ತೀನಿ ಸರ್. ಆದ್ರೆ ಪೂರ್ತಿ ಹಾಡ್ತೀನಿ. ಹದಿನೈದು ನಿಮಿಷ ಆಗುತ್ತೆ."

ಆ ಕಡೆಯವರು ನಕ್ಕರು. ಅಷ್ಟು ಹೊತ್ತು ಯಾರು ಕೇಳ್ತಾರಮ್ಮ, ಆಗಲ್ಲ ಎಂದರು.

"ಹಾಗಾದ್ರೆ ಆದಾಗ ಕರೀರಿ ಸರ್. ಈಗ ಕುರಿ ಕಾಯ್ತಾ ಐತೆ."

ಫೋನನ್ನು ಬೋರಲು ಹಾಕಿದಳು. "ಎಲ್ಲಿಂದ ಎತ್ಕೊಳ್ಲಿ ಅಜ್ಜಿ?"

"ಬುಟ್ ಜಾಗ್ದಿಂದ್ಲೇ."

ಸೌಮ್ಯ ಆ ಕೂಗಿನಿಂದಲೇ ಶುರು ಮಾಡಿದಳು. ಅಜ್ಜಿ ದನಿಗೂಡಿಸಿ ಸೊಲ್ಲು ಹಿಡಿದಳು. ಬಾಲರಾಜುವಿನ ಕತ್ತರಿ ಹಿಂದೆಯೇ ನಡೆಯಿತು. ಮಂಜಿನೊಳಗೆಲ್ಲೋ ಮರಿ ಅರಚಿತು. ಈರಕ್ಕ ಬಂಡೆಗೆ ಅಂಗೈ ಊರಿ, ಕೂತು ಕೂತು, ಒಂದೊಂದೇ ಹೆಜ್ಜೆ ಇಳಿಯತೊಡಗಿದಳು. ಫೋನು ಎರಡು ಸಲ ನಡುಗಿ ಸುಮ್ಮನಾಯಿತು.

ಹಾಡಿನ ಕೊನೆಯ ಸಾಲಿಗೆ ಬಾಲರಾಜು ಕುರಿಯ ಕಾಲಿನ ಹಗ್ಗ ಬಿಚ್ಚಿದ. ಕುರಿ ಎದ್ದು, ಮೈ ಒದರಿ, ಹಗುರಾದ ಕಾಲುಗಳಲ್ಲಿ ತೊಟ್ಟಿಯ ಕಡೆಗೆ ಓಡಿತು.